ಊರು ಕಟ್ಟಿದವರಿಗೆ ಊರಲ್ಲಿ ನೆಲೆಯಿಲ್ಲವೆ?
(ಕಟ್ಟಡ ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ರೈಲುಹಳಿಯ ಪಕ್ಕದಲ್ಲಿ, ರಾಜಕಾಲುವೆಯ ದಂಡೆಯಲ್ಲಿ ಎದ್ದಿರುವ ಗುಡಿಸಲುಗಳನ್ನು ಕಂಡು ಮೂಗು ಮುಚ್ಚಿಕೊಳ್ಳುವವರು ಕೇಳುವ ಪ್ರಶ್ನೆ ಒಂದೇ: "ಇವರೆಲ್ಲ ಇಲ್ಲಿಗೇಕೆ ಬಂದರು?" ಮಳೆ ಕೈಕೊಟ್ಟಿತು, ಹೊಲ ಸಾಲಕ್ಕೆ ಹೋಯಿತು, ಕೂಲಿಯಿದ್ದಲ್ಲಿಗೆ ಬಂದರು. ಇಟ್ಟಿಗೆ ಹೊರಲು, ಚರಂಡಿ ಬಳಿಯಲು, ಪಾತ್ರೆ ತೊಳೆಯಲು ನಗರಕ್ಕೆ ಅವರ ತೋಳು ಬೇಕು. ಆ ತೋಳು ಚಾಚಿ ಮಲಗಲು ಆರಡಿ ಜಾಗ ಮಾತ್ರ ಕೊಡಲಾರದು. ಬಾಡಿಗೆಗೆ ಸಾಲದಷ್ಟು ಕೂಲಿ ಕೊಟ್ಟವರೇ ಆಮೇಲೆ "ಅತಿಕ್ರಮಣ" ಎಂದು ಕೂಗುತ್ತಾರೆ.

2011ರ ಜನಗಣತಿಯಂತೆ ಭಾರತದ ಕೊಳಚೆ ಪ್ರದೇಶಗಳಲ್ಲಿದ್ದವರು ಸುಮಾರು 6.5 ಕೋಟಿ ಮಂದಿ. ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ವಿದ್ಯುತ್ ದೀಪ ಬಂದಿತ್ತು. ಆದರೆ ಮನೆಯ ಅಂಗಳದಲ್ಲೇ ಕುಡಿಯುವ ನೀರು ಇದ್ದುದು ನೂರಕ್ಕೆ 57 ಮನೆಗಳಿಗೆ ಮಾತ್ರ. 34 ಮನೆಗಳಲ್ಲಿ ಕಕ್ಕಸು ಇರಲಿಲ್ಲ. ಈ ಅಂಕಿಯ ಅರ್ಥವನ್ನು ಕತ್ತಲಾಗುವುದನ್ನೇ ಕಾಯುವ ಹೆಂಗಸರು ಬಲ್ಲರು; ಕೊಡ ಹಿಡಿದು ಸಾಲಿನಲ್ಲಿ ನಿಂತು ಅರ್ಧ ದಿನದ ಕೂಲಿ ಕಳೆದುಕೊಂಡವರು ಬಲ್ಲರು.

ಇನ್ನೊಂದು ಸಂಗತಿಯನ್ನು ನಾವು ಮರೆಯಕೂಡದು. ಆ 6.5 ಕೋಟಿಯಲ್ಲಿ ಸುಮಾರು 2.3 ಕೋಟಿ ಜನರ ನೆಲೆಗಳಿಗೆ ಸರ್ಕಾರದ ಘೋಷಣೆಯೂ ಇರಲಿಲ್ಲ, ಮಾನ್ಯತೆಯೂ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಕೊಳಚೆ ಪ್ರದೇಶಗಳ ಕಾಯಿದೆ 1973ರಲ್ಲೇ ಆಯಿತು. ಆದರೂ ಘೋಷಣೆಯ ಕಾಗದ ಬಾರದ ಕೇರಿಗೆ ನಲ್ಲಿ ಬರುವುದು ದುರ್ಲಭ. ಅಲ್ಲಿಯ ಬಡವ ಟ್ಯಾಂಕರಿನ ನೀರನ್ನು ಕೊಡದ ಲೆಕ್ಕದಲ್ಲಿ ಕೊಂಡು, ಬಂಗಲೆಯವನಿಗಿಂತ ಹೆಚ್ಚು ದರ ತೆರುತ್ತಾನೆ.

ನ್ಯಾಯಾಲಯ ಕಾಪಾಡೀತೆ? 1981ರ ಮಳೆಗಾಲದಲ್ಲಿ ಮುಂಬಯಿಯ ಪಾದಚಾರಿ ಮಾರ್ಗದ ಗುಡಿಸಲುಗಳನ್ನು ಕೆಡವಲು ಅಲ್ಲಿಯ ಸರ್ಕಾರ ಹೊರಟಿತು. ಅಲ್ಲಿಯ ನಿವಾಸಿಗಳೂ ಪತ್ರಕರ್ತೆ ಓಲ್ಗಾ ಟೆಲಿಸ್ ಅವರೂ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಜೀವನೋಪಾಯದ ಹಕ್ಕು ಬದುಕುವ ಹಕ್ಕಿನೊಳಗೇ ಸೇರಿದೆಯೆಂದು 1985ರಲ್ಲಿ ಐವರು ನ್ಯಾಯಾಧೀಶರ ಪೀಠ ಸಾರಿತು. ದೊಡ್ಡ ಮಾತೇ ಸರಿ. ಆದರೆ ನೋಟೀಸು ಕೊಟ್ಟು ತೆರವು ಮಾಡಬಹುದೆಂದೂ ಅದೇ ತೀರ್ಪು ಹೇಳಿತು. ಹಕ್ಕು ಗೆದ್ದಿತು, ಗುಡಿಸಲು ಉಳಿಯಲಿಲ್ಲ.

ಆದುದರಿಂದ ಕೆಲಸ ನಮ್ಮ ಮೇಲಿದೆ. ಚುನಾವಣೆಯ ಹೊತ್ತಿಗೆ ಮಾತ್ರ ಕೇರಿಗೆ ಹೋಗುವ ತಪ್ಪನ್ನು ನಾವೂ ಮಾಡಿದ್ದೇವೆ, ಒಪ್ಪಿಕೊಳ್ಳೋಣ. ಇನ್ನು ಮನೆಮನೆಯ ಪಟ್ಟಿ ಬರೆಯೋಣ. ಪಡಿತರ ಚೀಟಿ, ವಿದ್ಯುತ್ ರಸೀತಿ, ಮಕ್ಕಳ ಶಾಲೆಯ ದಾಖಲೆಗಳನ್ನು ಜೋಪಾನವಾಗಿ ಕೂಡಿಡಿಸೋಣ. ಬುಲ್ಡೋಜರ್ ಬಂದ ದಿನ ಸಾಕ್ಷಿ ನುಡಿಯುವುದು ಅವೇ. ಘೋಷಣೆ, ನಲ್ಲಿ, ಕಕ್ಕಸು, ಹೆಂಗಸರ ಹೆಸರಿನಲ್ಲಿ ಹಕ್ಕುಪತ್ರ—ಇವು ನಮ್ಮ ಬೇಡಿಕೆಗಳು. ಎಬ್ಬಿಸಲೇಬೇಕಾದರೆ, ಕೂಲಿಗೆ ನಡೆದು ಹೋಗುವಷ್ಟು ದೂರದಲ್ಲೇ ಮನೆ ಕೊಡಲಿ.

ನಾವು ಕೇಳುತ್ತಿರುವುದು ದಾನವನ್ನಲ್ಲ, ಕಟ್ಟಿದ ಕೈಗಳ ಪಾಲನ್ನು.