ಅವಳ ಮಾತೆಲ್ಲ ರೋಗದ ಲಕ್ಷಣವಾಯಿತು



“ಅವಳಿಗೆ ತಲೆ ಸರಿ ಇಲ್ಲ.” ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹೊಡೆತ ತಿಂದವಳು ಬಾಯಿ ಬಿಟ್ಟರೆ ಗಂಡನ ಮನೆಯವರು ಎಷ್ಟೋ ಸಲ ಮೊದಲು ಹೇಳುವುದು ಇದನ್ನೇ. ಈ ಒಂದು ಮಾತಿಗೆ ಎಷ್ಟು ಬಲವಿದೆ ಎಂದು ತಿಳಿಸಲು ಇಂಗ್ಲೆಂಡಿನ ಒಂದು ಟಿ.ವಿ. ನಾಟಕದ ಕಥೆ ಹೇಳುತ್ತೇನೆ.

ನಾಟಕದ ಹೆಸರು ‘ಇನ್ ಟು ಮೈಂಡ್ಸ್’. ಬಿ.ಬಿ.ಸಿ.ಯ ‘ದಿ ವೆಡ್‌ನೆಸ್‌ಡೇ ಪ್ಲೇ’ ಎಂಬ ಮಾಲಿಕೆಯಲ್ಲಿ 1967ರ ಮಾರ್ಚ್‌ನಲ್ಲಿ ಪ್ರಸಾರವಾಯಿತು. ಬರೆದವರು ಡೇವಿಡ್ ಮರ್ಸರ್, ನಿರ್ದೇಶಕರು ಕೆನ್ ಲೋಚ್. ಪ್ರಶ್ನೆ ಕೇಳುವ ಡಾಕ್ಟರ ಮುಖ ನಮಗೆ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಮನೆಯವರು ನಮ್ಮೆದುರೇ ಕೂತು ಹೇಳಿಕೆ ಕೊಟ್ಟಂತಿರುತ್ತದೆ.

ಕೇಟ್ ವಿಂಟರ್ ಎಂಬ ಯುವತಿಯ ಕಥೆ ಇದು. ತಂದೆತಾಯಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಒಳ್ಳೆಯ ಹುಡುಗಿ ಎಂದರೆ ಹೀಗೇ ಇರಬೇಕು ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದಾರೆ. ಅವಳು ಬಸುರಿಯಾದಾಗ ತಾಯಿಯ ಒತ್ತಾಯಕ್ಕೆ ಗರ್ಭ ತೆಗೆಸಬೇಕಾಗುತ್ತದೆ. ಮನೆ ಬಿಟ್ಟು ಹೋದ ಅಕ್ಕ ಮೇರಿ, ತೊಂದರೆ ಇರುವುದು ಈ ಮನೆಯಲ್ಲೇ ಎನ್ನುತ್ತಾಳೆ. ಆದರೆ ಆಸ್ಪತ್ರೆ ಸೇರಿದವಳು ಕೇಟ್. ಅಲ್ಲಿ ಮಾತ್ರೆ, ಕರೆಂಟ್ ಶಾಕ್. ಕೊನೆಗೆ ಅವಳನ್ನು ವೈದ್ಯ ವಿದ್ಯಾರ್ಥಿಗಳ ಮುಂದೆ ತಂದು ಕೂರಿಸಿ, ಸ್ಕಿಝೋಫ್ರೇನಿಯಾ ರೋಗಕ್ಕೆ ಉದಾಹರಣೆಯಾಗಿ ತೋರಿಸುತ್ತಾರೆ.

ನನ್ನ ಮನಸ್ಸಿಗೆ ನಾಟಿದ್ದು ಇದು: ಹುಚ್ಚಿ ಎಂಬ ಹೆಸರು ಬಿದ್ದ ಮೇಲೆ ಅವಳು ಅತ್ತರೂ ರೋಗ, ಸಿಟ್ಟಾದರೂ ರೋಗ, ಸುಮ್ಮನಿದ್ದರೂ ರೋಗ. ಮನೆಯಲ್ಲಿ ಏನಾಯಿತು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಆರ್. ಡಿ. ಲೇಂಗ್ ಮತ್ತು ಏರನ್ ಎಸ್ಟರ್ಸನ್ ಎಂಬ ವೈದ್ಯರು 11 ಮಹಿಳಾ ರೋಗಿಗಳ ಕುಟುಂಬಗಳನ್ನು ಮಾತಾಡಿಸಿ 1964ರಲ್ಲಿ ಪುಸ್ತಕ ಬರೆದಿದ್ದರು. ಅಂಥ ವಿಚಾರಗಳ ಪ್ರಭಾವ ನಾಟಕದ ಮೇಲಿದೆ. ಹಾಗೆಂದು ತಾಯಿಯಿಂದಲೇ ಸ್ಕಿಝೋಫ್ರೇನಿಯಾ ಬರುತ್ತದೆ ಎಂದು ತಿಳಿಯಬೇಡಿ. ಅದು ನಿಜವಾದ ಕಾಯಿಲೆ. ಔಷಧಿಯಿಂದ ಬಹಳ ಜನರಿಗೆ ಗುಣ ಕಾಣುತ್ತದೆ. ಎಲ್ಲ ತಪ್ಪನ್ನೂ ತಾಯಿಯ ತಲೆಗೆ ಕಟ್ಟುವುದು ಇನ್ನೊಬ್ಬ ಹೆಣ್ಣಿಗೆ ಮಾಡುವ ಅನ್ಯಾಯ. ಕಾಯಿಲೆ ಇದ್ದವಳಿಗೂ ಹೊಡೆತ ಬೀಳಬಹುದು. ಅವಳಿಗೆ ಚಿಕಿತ್ಸೆಯೂ ಬೇಕು, ನ್ಯಾಯವೂ ಬೇಕು.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ? 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮಿನ ಪ್ರಕಾರ, ಸಮಾಜದ ನೀತಿ ರಿವಾಜಿಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎಂದು ತೀರ್ಮಾನಿಸುವಂತಿಲ್ಲ. ಅರಿವಳಿಕೆ ಕೊಡದೆ ಕರೆಂಟ್ ಶಾಕ್ ಕೊಡುವುದು ನಿಷಿದ್ಧ. ರೋಗಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಹೆಂಡತಿಗೆ ಸ್ಕಿಝೋಫ್ರೇನಿಯಾ ಎಂಬ ಹೆಸರು ಹಚ್ಚಿದ ಮಾತ್ರಕ್ಕೆ ವಿಚ್ಛೇದನ ಸಿಗದು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಹೀಯಾಳಿಸುವುದು, ಅವಮಾನ ಮಾಡುವುದು ಕೂಡ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ದೌರ್ಜನ್ಯವೇ.

ಆದರೆ ಕಾನೂನು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಸಂಘದ ಸದಸ್ಯೆಯೊಬ್ಬಳಿಗೆ ತಲೆ ಕೆಟ್ಟಿದೆ ಎಂದು ಸುದ್ದಿ ಬಂದರೆ ಇಬ್ಬರು ಹೋಗಿ. ಅತ್ತೆ, ಗಂಡ ಎದುರಿಗಿಲ್ಲದಾಗ ಅವಳನ್ನು ಮಾತಾಡಿಸಿ. ನಿದ್ದೆ, ಊಟ ಹೇಗಿದೆ ಕೇಳಿ. ಮೈಮೇಲೆ ಗಾಯವಿದೆಯೇ ನೋಡಿ. ಒಡವೆ, ಪಾಸ್‌ಬುಕ್ಕು ಯಾರ ಕೈಯಲ್ಲಿದೆ ಕೇಳಿ. ಮಂತ್ರವಾದಿಯ ಹತ್ತಿರ ಕರೆದೊಯ್ಯಲು ಬಿಡಬೇಡಿ. ಮನಸ್ಸಿನ ತೊಂದರೆಗೆ 14416, ದೌರ್ಜನ್ಯವಿದ್ದರೆ 181, ಎರಡಕ್ಕೂ ಫೋನ್ ಮಾಡಬಹುದು. ಡಾಕ್ಟರ ಹತ್ತಿರ ಹೋಗುವಾಗ ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ, ಮನೆಯ ವಿಷಯವನ್ನು ಅವಳ ಬಾಯಿಂದಲೇ ಹೇಳಿಸಿ.

ಕೇಟ್‌ಳ ಪರವಾಗಿ ಮಾತಾಡಿದವಳು ಅಕ್ಕ ಮೇರಿ. ಒಬ್ಬಳ ದನಿಯನ್ನು ತಳ್ಳಿಹಾಕುವುದು ಸುಲಭ. ನಮ್ಮ ಸಂಘದಲ್ಲಿ ನಾವು ಒಬ್ಬರಲ್ಲ, ಇಪ್ಪತ್ತು ಜನ ಇದ್ದೇವೆ.