ರಸ್ತೆ ತಡವಾದರೆ ಬಡ್ಡಿ ಕಟ್ಟುವವರು ಯಾರು?

(ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಬ್ಬಿನ ಬೆಲೆ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿರಿ. ನಾನು ರಸ್ತೆಯಿಂದ ಶುರು ಮಾಡ್ತೀನಿ. ಕಬ್ಬಿನ ಬೆಲೆಯ ಒಂದು ಪಾಲು ರಸ್ತೆಯ ಗುಂಡಿಯೊಳಗೇ ಬಿದ್ದಿದೆ, ಅದಕ್ಕೆ.

ಕೇಂದ್ರ ಸರ್ಕಾರ ವರ್ಷವರ್ಷ ಘೋಷಿಸುವ ಎಫ್‌ಆರ್‌ಪಿ ಅನ್ನೋದು ಕಾರ್ಖಾನೆ ಬಾಗಿಲಿನ ಬೆಲೆ. ಗದ್ದೆಯ ಬೆಲೆ ಅಲ್ಲ. ಕಟಾವು ನಮ್ಮದು, ಸಾಗಾಣಿಕೆ ನಮ್ಮದು. ಅದನ್ನು ಮುರಿದುಕೊಂಡು ಮಿಕ್ಕಿದ್ದನ್ನು ನಮ್ಮ ಕೈಗೆ ಕೊಡ್ತಾರೆ. ಕೆಟ್ಟ ರಸ್ತೆಯಲ್ಲಿ ಲಾರಿಯವನು ಸುಮ್ಮನೆ ಬರ್ತಾನಾ? ಡೀಸೆಲ್ಲು ಜಾಸ್ತಿ, ಟೈರು ಹೋಗ್ತದೆ, ದಿನಕ್ಕೆ ಎರಡು ಟ್ರಿಪ್ಪು ಹೊಡೆಯೋನು ಒಂದೇ ಹೊಡೀತಾನೆ. ಟನ್ನಿಗೆ 50 ರೂಪಾಯಿ ಹೆಚ್ಚು ಕೇಳಿದ ಅಂತ ಇಟ್ಟುಕೊಳ್ಳಿ. ಎಕರೆಗೆ 40 ಟನ್ ಬೆಳೆದವನಿಗೆ 2000 ರೂಪಾಯಿ ಹೋಯ್ತು. ಕಡಿದ ಕಬ್ಬು ಒಂದು ದಿನ ಒಣಗಿದರೆ ತೂಕ ಇಳಿಯೋದು ಬೇರೆ. ಈ ಲೆಕ್ಕ ಯಾವ ಇಲಾಖೆಯ ಕಡತದಲ್ಲೂ ಇಲ್ಲ. ರಸ್ತೆ ಯೋಜನೆ ತಡವಾದರೆ "ಅಂದಾಜು ವೆಚ್ಚ ಪರಿಷ್ಕರಣೆ" ಅಂತ ಸರ್ಕಾರ ತನ್ನ ಖರ್ಚನ್ನು ಬರೆದುಕೊಳ್ತದೆ. ನಮ್ಮ ಖರ್ಚು ಬರೆಯೋರು ಯಾರು?

ನಮ್ಮ ಸೀಮೆಯ ರಸ್ತೆಗಳನ್ನೇ ನೋಡಿ. ಶ್ರೀರಂಗಪಟ್ಟಣದಿಂದ ಪಾಂಡವಪುರ, ನಾಗಮಂಗಲ, ಬೆಳ್ಳೂರು ಕ್ರಾಸ್ ಮೇಲೆ ಜೇವರ್ಗಿವರೆಗೆ ಹೋಗುವ ರಸ್ತೆ ರಾಜ್ಯ ಹೆದ್ದಾರಿ 19 ಆಗಿತ್ತು. ಈಗ ರಾಷ್ಟ್ರೀಯ ಹೆದ್ದಾರಿ 150ಎ. ಬೋರ್ಡು ಬದಲಾಗೋದಕ್ಕೆ ಒಬ್ಬ ಪೇಂಟರು ಸಾಕು. ಆದರೆ ರಸ್ತೆ ಒಂದು ಸರ್ಕಾರದಿಂದ ಇನ್ನೊಂದಕ್ಕೆ ಹೋದಾಗ ಗುಂಡಿ ಯಾರದ್ದು ಅನ್ನೋ ಪ್ರಶ್ನೆ ಹುಟ್ಟಿಕೊಳ್ತದೆ. ರಾಜ್ಯದವರನ್ನು ಕೇಳಿದರೆ ದೆಹಲಿ ಕಡೆ ಕೈ ತೋರಿಸ್ತಾರೆ, ದೆಹಲಿಯವರು ರಾಜ್ಯ ಜಾಗ ಬಿಡಿಸಿಕೊಡಲಿ ಅಂತಾರೆ. ಇನ್ನೊಂದು, ಮಾಗಡಿಯಿಂದ ಹುಲಿಯೂರುದುರ್ಗ, ನಾಗಮಂಗಲ, ಕೆ.ಆರ್. ಪೇಟೆ ಹಾದು ಸೋಮವಾರಪೇಟೆ ಕಡೆಗೆ ಹೋಗುವ ರಾಜ್ಯ ಹೆದ್ದಾರಿ 85. ನಮ್ಮ ಜನ ಜಲಸೂರು ರಸ್ತೆ ಅಂತಲೇ ಕರೀತಾರೆ. ಅದು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಗೆ ಸೇರಿತು. 2018ರಲ್ಲಿ ರಾಜ್ಯದ 400 ಕಿ.ಮೀ.ಗೂ ಹೆಚ್ಚು ಹೆದ್ದಾರಿಗೆ ಆ ಬ್ಯಾಂಕು ಮಂಜೂರು ಮಾಡಿದ್ದು 34.6 ಕೋಟಿ ಡಾಲರ್. ಸರ್ಕಾರ ಸಾಲ ಮಾಡಿದರೆ ಅದಕ್ಕೆ ಅಭಿವೃದ್ಧಿ ಅಂತ ಹೆಸರು, ನೀವು ಸೊಸೈಟಿಯಲ್ಲಿ ಸಾಲ ಮಾಡಿದರೆ ಸುಸ್ತಿದಾರ!

ಸ್ವಲ್ಪ ಹಿಂದಕ್ಕೆ ಹೋಗೋಣ. 1997ರ ಏಪ್ರಿಲ್ 3ರಂದು ಬೆಂಗಳೂರು-ಮೈಸೂರು ನಡುವೆ 111 ಕಿ.ಮೀ. ಹೊಸ ರಸ್ತೆ ಮಾಡ್ತೀವಿ ಅಂತ ರಾಜ್ಯ ಸರ್ಕಾರ ಒಂದು ಕಂಪನಿ ಜೊತೆ ಕರಾರು ಮಾಡಿಕೊಂಡಿತು. ನೈಸ್ ರಸ್ತೆ ಅಂತೀರಲ್ಲ, ಅದೇ. ದಾರಿಯುದ್ದಕ್ಕೂ ಟೌನ್‌ಶಿಪ್ಪುಗಳೂ ಬರಬೇಕಿತ್ತು, 20 ಸಾವಿರ ಎಕರೆ ಮಾತು. 2006ರಲ್ಲಿ ಸುಪ್ರೀಂ ಕೋರ್ಟು ಯೋಜನೆ ಸರಿ ಅಂತ ತೀರ್ಪು ಕೊಟ್ಟಿತು. ಎಷ್ಟೋ ಮುಖ್ಯಮಂತ್ರಿಗಳು ಬಂದುಹೋದರು. ಬೆಂಗಳೂರಿನ ಸುತ್ತ ಸುಂಕ ವಸೂಲಿ ಮಾಡುವ ರಸ್ತೆ ಆಯ್ತು, ಮೈಸೂರಿಗೆ ಬರಬೇಕಾದ್ದು ಬರಲೇ ಇಲ್ಲ. ನೋಟಿಫಿಕೇಷನ್ ಬಿದ್ದ ಜಮೀನಿನ ಗತಿ ನಿಮಗೆ ಗೊತ್ತು. ಕೊಳ್ಳೋರು ಬರೋಲ್ಲ, ಬ್ಯಾಂಕಿನವರು ಹಿಂದೆ ಮುಂದೆ ನೋಡ್ತಾರೆ, ಬೋರು ಹಾಕಿಸೋಕೆ ಮನಸ್ಸು ಬರೋಲ್ಲ. ಮಗಳ ಮದುವೆಗೆ ಕೈಸಾಲವೇ ಗತಿ.

ಕೊನೆಗೆ ರಸ್ತೆ ಆದದ್ದು ಬೇರೆ ದಾರಿಯಲ್ಲಿ. ಹಳೇ ಮೈಸೂರು ರಸ್ತೆಯೇ ರಾಷ್ಟ್ರೀಯ ಹೆದ್ದಾರಿ 275 ಆಗಿ ಅಗಲವಾಯ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಪೇಟೆಗಳನ್ನು ಬಿಟ್ಟು ಬೈಪಾಸು ಹಾಕಿದರು. 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯಕ್ಕೇ ಬಂದು ಉದ್ಘಾಟಿಸಿದರು. ವಿಧಾನಸಭೆ ಚುನಾವಣೆ ಎದುರಿಗಿತ್ತು. ರಸ್ತೆ ನಮ್ಮಿಂದ ಆಯ್ತು ಅಂತ ಮೂರು ಪಕ್ಷದವರೂ ಎದೆ ತಟ್ಟಿಕೊಂಡರು. ಎರಡು ದಿನಕ್ಕೆ ಸುಂಕ ಶುರು. ಸರ್ವಿಸ್ ರಸ್ತೆ ಎಷ್ಟೋ ಕಡೆ ಪೂರ್ತಿಯಾಗಿರಲಿಲ್ಲ. ಅದೇ ವಾರ ಮಳೆ ಬಂದು ರಾಮನಗರದ ಹತ್ತಿರ ಕೆಳಸೇತುವೆಯಲ್ಲಿ ನೀರು ನಿಂತಿತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರು, ಎತ್ತಿನಗಾಡಿ ಮುಖ್ಯ ರಸ್ತೆಗೆ ಹತ್ತಬಾರದು ಅಂತ ಆದೇಶ. ಅಪಘಾತ ತಪ್ಪಿಸೋಕೆ ಅಂತ ಹೇಳಿದರು, ಆ ಮಾತು ಸುಳ್ಳೇನಲ್ಲ, ಅಲ್ಲಿ ಜನ ಸಾಯ್ತಿದ್ದರು. ಆದರೆ ಜಮೀನು ಕೊಟ್ಟವನ ಟ್ರಾಕ್ಟರಿಗೆ ಮೊದಲು ದಾರಿ ಮಾಡಿ, ಆಮೇಲೆ ತಾನೇ ಬಾಗಿಲು ಹಾಕಬೇಕು? ರಸ್ತೆಯ ಈಚೆ ಮನೆ, ಆಚೆ ಗದ್ದೆ. ನಡುವೆ ಬೇಲಿ.

ಕೇಳಿದರೆ ತಾಂತ್ರಿಕ ತೊಂದರೆ ಅಂತಾರೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆ ಜೋಡಿ ರೈಲುಹಳಿಗೆ ಅಡ್ಡ ಬಂತು. 2017ರಲ್ಲಿ ಅದನ್ನು ಒಡೆಯದೆ, ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಒಳ್ಳೇ ಕೆಲಸ, ನಾನೂ ಮೆಚ್ಚಿದೆ. ಅಷ್ಟು ಬಲ್ಲ ಇಂಜಿನಿಯರುಗಳ ದೇಶದಲ್ಲಿ ಒಂದು ಜೊತೆ ಎತ್ತು ದಾಟುವಷ್ಟು ಕೆಳಸೇತುವೆ ಕಷ್ಟವಂತೆ!

ಇನ್ನು ನಾಲೆ ಏರಿ. ಹೇಳೋಕೆ ಬಾಯಿ ಬರೋಲ್ಲ. 2018ರ ನವೆಂಬರ್ 24, ಪಾಂಡವಪುರ ತಾಲ್ಲೂಕಿನ ಕನಗನಮರಡಿ. ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು, 30 ಜನ ಹೋದರು. ಶಾಲೆ ಬಿಟ್ಟು ಮನೆಗೆ ಬರ್ತಿದ್ದ ಮಕ್ಕಳೂ ಅದರಲ್ಲಿದ್ದರು. ತಡೆಗೋಡೆ ಇರಲಿಲ್ಲ. ಮಂತ್ರಿಗಳು ಬಂದರು, ಪರಿಹಾರ ಘೋಷಿಸಿದರು. ಐದು ವರ್ಷ ಕಳೆದು 2023ರ ನವೆಂಬರಿನಲ್ಲಿ ಬನಘಟ್ಟದ ಹತ್ತಿರ ಅದೇ ನಾಲೆಗೆ ಕಾರು ಬಿದ್ದು 5 ಜನ. ಹತ್ತು ಪಥದ ರಸ್ತೆಗೆ 8 ಸಾವಿರ ಕೋಟಿಗೂ ಮೇಲೆ ಹಣ ಒದಗಿಸಿದವರಿಗೆ ನಾಲೆ ಪಕ್ಕದ ಗೋಡೆಗೆ ಹಣ ಹೊಂದಿಸೋದು ಯಾಕೆ ನಿಧಾನ? ನಾಲೆ ಏರಿಗೆ ಟೋಲ್ ಹಾಕೋಕೆ ಆಗೋಲ್ಲ. ನನಗೆ ಬೇರೆ ಕಾರಣ ಕಾಣ್ತಿಲ್ಲ.

ಬೈಪಾಸು ಬೇಡ ಅಂತ ನಾನು ಹೇಳೋಲ್ಲ. ರಸ್ತೆ ಬೇಕು, ನಮ್ಮ ಕಬ್ಬಿಗೂ ಬೇಕು, ತೆಂಗಿಗೂ ಬೇಕು. ಆದರೆ ಕಾಗದ ತಿಳಿದುಕೊಂಡು ಕೊಡಿ. ರಾಷ್ಟ್ರೀಯ ಹೆದ್ದಾರಿಗೆ ಜಮೀನು ತಗೊಳ್ಳೋದು 1956ರ ಕಾಯ್ದೆ ಪ್ರಕಾರ. ಮೊದಲು 3ಎ ಅಧಿಸೂಚನೆ. ಅದು ಬಂದ 21 ದಿನದೊಳಗೆ ತಕರಾರು ಬರೆದು ಕೊಡಬೇಕು. 22ನೇ ದಿನ ಮಂತ್ರಿ ಮನೆ ಬಾಗಿಲಿಗೆ ಹೋದರೆ ಕಾಫಿ ಸಿಗಬಹುದು, ಅಷ್ಟೆ. ಒಂದು ವರ್ಷದೊಳಗೆ 3ಡಿ ಘೋಷಣೆ ಆಗದಿದ್ದರೆ ಮೊದಲನೇ ಅಧಿಸೂಚನೆ ಬಿದ್ದುಹೋಗ್ತದೆ. ನ್ಯಾಯಾಲಯದ ತಡೆ ಇದ್ದ ದಿನ ಮಾತ್ರ ಲೆಕ್ಕಕ್ಕಿಲ್ಲ. ಪರಿಹಾರದ ಹಣ ಠೇವಣಿ ಇಡುವ ಮೊದಲು ಸ್ವಾಧೀನ ಇಲ್ಲ. ಇದು ನಾನು ಹೇಳೋದಲ್ಲ, ಕಾಯ್ದೆ ಹೇಳೋದು. ಜೆಸಿಬಿ ಗದ್ದೆಗೆ ಇಳಿದರೆ ಠೇವಣಿ ಎಲ್ಲಿ ಅಂತ ಕೇಳಿ. 1980ರ ದಶಕದಲ್ಲಿ ಅನುಮತಿ ಇಲ್ಲದೆ ಅಧಿಕಾರಿಗಳಿಗೆ ಪ್ರವೇಶವಿಲ್ಲ ಅಂತ ರೈತಸಂಘದವರು ಊರಬಾಗಿಲಲ್ಲಿ ಬೋರ್ಡು ನೆಟ್ಟಿದ್ದು ನೆನಪಿದೆಯಲ್ಲ?

ಬೆಲೆ ಹೇಗೆ ಕಟ್ತಾರೆ? 2015ರಿಂದ ಇದಕ್ಕೂ 2013ರ ಕಾಯ್ದೆಯ ಲೆಕ್ಕವೇ. ಮಾರ್ಗಸೂಚಿ ದರ ಒಂದು ಕಡೆ. ಸುತ್ತಮುತ್ತ ಮೂರು ವರ್ಷದಲ್ಲಿ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದ ಸರಾಸರಿ ಇನ್ನೊಂದು ಕಡೆ. ಯಾವುದು ಹೆಚ್ಚೋ ಅದು. ಹಳ್ಳಿ ಜಮೀನಾದರೆ ಪೇಟೆಯಿಂದ ಇರುವ ದೂರ ನೋಡಿ 1ರಿಂದ 2ರವರೆಗೆ ಗುಣಿಸ್ತಾರೆ, ಅದರ ಮೇಲೆ ನೂರಕ್ಕೆ ನೂರು ಸಾಂತ್ವನ ಧನ. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮೂರುಗಳಲ್ಲಿ ಏನು ಮಾಡ್ತೀರಿ? ಎಕರೆ 30 ಲಕ್ಷಕ್ಕೆ ಮಾರಿ, ಮುದ್ರಾಂಕ ಶುಲ್ಕ ಉಳೀತು ಅಂತ 8 ಲಕ್ಷಕ್ಕೆ ಬರೆಸ್ತೀರಿ. ಆ 8 ಲಕ್ಷ ಪಕ್ಕದ ಜಮೀನಿನವನ ಕುತ್ತಿಗೆಗೆ ಬೀಳ್ತದೆ. ಸಿಟ್ಟು ಬಂದರೂ ಪರವಾಗಿಲ್ಲ, ಇದನ್ನು ಹೇಳಲೇಬೇಕಾಗಿತ್ತು.

ಬೆಲೆ ಕಡಿಮೆ ಅನ್ನಿಸಿದರೆ ಹಣ ತಗೊಂಡು, ಒಪ್ಪಿಗೆ ಇಲ್ಲ ಅಂತ ಬರೆದು, ಮಧ್ಯಸ್ಥಿಕೆಗೆ ಅರ್ಜಿ ಹಾಕಿ. ಅಲ್ಲಿ ಹೆಚ್ಚು ಸಿಕ್ಕರೆ, ಸ್ವಾಧೀನ ತಗೊಂಡ ದಿನದಿಂದ ಆ ಹೆಚ್ಚಿನ ಹಣಕ್ಕೆ ಶೇ. 9 ಬಡ್ಡಿ ಕೊಡಿಸಲು ಅವಕಾಶ ಇದೆ. 1997ರಿಂದ 2015ರ ನಡುವೆ ರಾಷ್ಟ್ರೀಯ ಹೆದ್ದಾರಿಗೆ ಜಮೀನು ಕೊಟ್ಟವರಿಗೂ ಸಾಂತ್ವನ ಧನ, ಬಡ್ಡಿ ಸಲ್ಲಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ನಾಗಮಂಗಲ, ಕೆ.ಆರ್. ಪೇಟೆ ಕಡೆಯವರು ಯಾರಿಗಾದರೂ ನೋಟೀಸು ಬಂದಿದ್ದರೆ ಪಹಣಿ, ಸರ್ವೆ ನಕ್ಷೆ, ಪಕ್ಕದ ಜಮೀನುಗಳ ಕ್ರಯಪತ್ರದ ನಕಲು ತಗೊಂಡು ಮುಂದಿನ ಸಭೆಗೆ ಬನ್ನಿ. ತೆಂಗಿನ ಮರ, ಬೋರು, ದನದ ಕೊಟ್ಟಿಗೆ ಎಣಿಸಿ ಬರೆದುಕೊಂಡು ಬನ್ನಿ. ಸರ್ವೆಯವರು ಎಣಿಸೋವಾಗ ಮನೆಯವರು ಒಬ್ಬರು ಅಲ್ಲಿ ನಿಂತಿರಲಿ. ಕಬ್ಬಿನ ಬಾಕಿ ಇರೋರು ಬಿಲ್ಲೂ ತನ್ನಿ. ಸಾಗಾಣಿಕೆಗೆ ಎಷ್ಟು ಮುರಿದಿದ್ದಾರೆ ಅನ್ನೋದನ್ನು ಊರವಾರು ಬರೆಯೋಣ.