ಕಂಡಿಷನರ್ ಆಮೇಲೆ, ಅರ್ಥಿಂಗ್ ಮೊದಲು

ಹೈಫೈ ಸೆಟ್ಟು ಕೊಂಡು, ಸ್ಪೀಕರ್ ಆರಿಸಿ, ಬಿಲ್ ಹಾಕಿಸೋ ಹೊತ್ತಿಗೆ ಅಂಗಡಿಯವರು ಇನ್ನೊಂದು ಡಬ್ಬ ತೋರಿಸ್ತಾರೆ: ಪವರ್ ಕಂಡಿಷನರ್. 'ಇದನ್ನ ಹಾಕಿದ್ರೆ ಸೌಂಡ್ ಕ್ಲೀನ್ ಆಗುತ್ತೆ ಸಾರ್.' ತುಮಕೂರಿನ ಕ್ಯಾತ್ಸಂದ್ರದಲ್ಲಿ ಮನೆ ಇರೋರು ಅದಕ್ಕೆ ದುಡ್ಡು ಹಾಕಬೇಕಾ?

ಮೊದಲು ನಮ್ಮ ಲೈನಿನ ಕಥೆ ನೋಡಿ. ಹೈವೇ ಪಕ್ಕ ತಟ್ಟೆ ಇಡ್ಲಿ ಹೋಟೆಲ್‌ಗಳು, ಅವುಗಳ ಗ್ರೈಂಡರ್‌ಗಳು. ಬೆಂಗಳೂರು ಕಡೆ ಹೊರಟರೆ ಹಿರೇಹಳ್ಳಿಯ ಕೈಗಾರಿಕಾ ಪ್ರದೇಶ. ಊರಾಚೆ ತೆಂಗು, ಅಡಿಕೆ ತೋಟ, ಬೋರ್‌ವೆಲ್ ಮೋಟರ್. ಮೋಟರ್ ಸ್ಟಾರ್ಟ್ ಆಗೋ ಕ್ಷಣಕ್ಕೆ ಓಡುವಾಗ ಬೇಕಾಗೋದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಅದೂ ನಿಮ್ಮನೆಯೂ ಒಂದೇ ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಕೆಳಗಿದ್ರೆ ಹಾಲ್‌ನಲ್ಲಿ ಲೈಟು ಮಿಣುಕುತ್ತೆ. ನಮ್ಮಲ್ಲಿ ಮನೆಗೆ ಬರಬೇಕಾದ್ದು 230 ವೋಲ್ಟ್. 1956ರ ವಿದ್ಯುತ್ ನಿಯಮದಲ್ಲಿ ಶೇ. 6ರಷ್ಟು ಆಚೀಚೆ ಇರಬಹುದು ಅಂತಿತ್ತು. ಅಂದ್ರೆ ಹೆಚ್ಚುಕಡಿಮೆ 216ರಿಂದ 244. ಸಾಯಂಕಾಲ ಮಲ್ಟಿಮೀಟರ್ ಇಟ್ಟು 180 ತೋರಿಸಿದ್ರೆ?

ಅಲ್ಲೇ ಜನ ಎಡವೋದು. ಕಂಡಿಷನರ್ ಅಂತ ಮಾರೋ ಬಹುಪಾಲು ಡಬ್ಬಗಳ ಒಳಗಿರೋದು ಫಿಲ್ಟರ್, ಜೊತೆಗೆ ಸರ್ಜ್ ತಡೆಯೋ ಬಿಲ್ಲೆಗಳು. 180 ಒಳಗೆ ಹೋದ್ರೆ 180ನ್ನೇ ಸೋಸಿ ಹೊರಗೆ ಕೊಡುತ್ತೆ. ವೋಲ್ಟೇಜ್ ಎತ್ತೋದು ಸ್ಟೆಬಿಲೈಜರ್ ಕೆಲಸ. ಅದರಲ್ಲೂ ರಿಲೇ ಇರೋದು ಟಕ್ ಟಕ್ ಅಂತ ಮೆಟ್ಟಿಲು ಹತ್ತಿಳಿಯುತ್ತೆ, ಸರ್ವೋ ನಯವಾಗಿ ಸರಿಯುತ್ತೆ. ಕೊಳ್ಳೋಕೆ ಮುಂಚೆ ಆಂಪ್ಲಿಫೈಯರ್ ಬೆನ್ನ ಹಿಂದಿನ ಸ್ಟಿಕ್ಕರ್ ಓದಿ. '100-240 ವೋಲ್ಟ್' ಅಂತಿದ್ರೆ ಅದಕ್ಕೆ 180 ಒಂದು ಲೆಕ್ಕವೇ ಅಲ್ಲ, ಸ್ಟೆಬಿಲೈಜರ್ ದುಡ್ಡು ಉಳೀತು. ಬರೀ '230' ಅಂತಿದ್ರೆ ಯೋಚನೆ ಮಾಡಿ.

ಸರಿ, ಸೋಸೋದಾದ್ರೂ ಬೇಕಲ್ವಾ? ಹಳೇ ಮಾದರಿ ಆಂಪ್ಲಿಫೈಯರ್ ಮುಚ್ಚಳ ತೆಗೆದ್ರೆ ದುಂಡಗಿನ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ಸಣ್ಣ ಲೋಟದ ಗಾತ್ರದ ಕೆಪಾಸಿಟರ್‌ಗಳು ಕಾಣ್ತವೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತೆ, ರೆಕ್ಟಿಫೈಯರ್ ಅದನ್ನ ಡಿಸಿ ಮಾಡುತ್ತೆ, ಸೆಕೆಂಡಿಗೆ 100 ಸಲ ತುಂಬಿಕೊಳ್ಳೋ ಕೆಪಾಸಿಟರ್‌ಗಳು ಏರಿಳಿತನ ನುಂಗಿಕೊಳ್ತವೆ. ಹಾಡು ಓಡೋದು ಈ ಡಿಸಿ ಮೇಲೆ. ಸೋಸೋ ಕೆಲಸ ಅಲ್ಲೇ ಒಂದು ಸಲ ಆಗಿಹೋಗಿದೆ. ಹಾಗಾಗಿ ಕಂಡಿಷನರ್ ಹಾಕಿದ ತಕ್ಷಣ ವೀಣೆಯ ನಾದ ಬೇರೆಯಾಯ್ತು ಅಂದ್ರೆ ನಾನು ನಂಬೋದು ಕಷ್ಟ. ಮನೆಯವರಿಗೆ ಹೇಳಿ, ನಿಮಗೆ ಗೊತ್ತಾಗದ ಹಾಗೆ ಒಂದ್ಸಲ ಹಾಕಿ, ಒಂದ್ಸಲ ತೆಗೆದು ಕೇಳಿಸಲಿ. ಹೆಚ್ಚಿನವರಿಗೆ ಯಾವುದು ಯಾವುದು ಅಂತ ಗೊತ್ತಾಗಲ್ಲ.

'ಸ್ಪೀಕರ್ ಗುಂಯ್ ಅಂತಿದೆಯಲ್ಲ' ಅಂತೀರ. ಪತ್ತೆ ಮಾಡೋಣ. ಆಂಪ್ಲಿಫೈಯರ್ ಆಫ್ ಮಾಡಿ, ಹಿಂದಿನ ಇನ್‌ಪುಟ್ ವೈರ್‌ಗಳನ್ನೆಲ್ಲ ಕಿತ್ತು, ಮತ್ತೆ ಆನ್ ಮಾಡಿ. ಗುಂಯ್ ನಿಂತ್ರೆ ಕಳ್ಳ ಆ ವೈರ್‌ಗಳಲ್ಲಿದ್ದಾನೆ. ಒಂದೊಂದೇ ವಾಪಸ್ ಹಾಕ್ತಾ ಬನ್ನಿ, ಪ್ರತಿ ಸಲ ಆಫ್ ಮಾಡ್ಕೊಂಡೇ. ಟಿವಿ ವೈರ್ ಹಾಕಿದಾಗ ಶುರುವಾದ್ರೆ ಸೆಟ್‌ಟಾಪ್ ಬಾಕ್ಸಿಗೆ ಬರೋ ಕೇಬಲ್ ತಿರುಗಿಸಿ ಬಿಚ್ಚಿ. ನಿಂತುಹೋಯ್ತಾ? ಕೇಬಲ್ಲಿನ ಹೊರಜಾಲರಿ ಬೇರೆಲ್ಲೋ ಅರ್ಥ್ ಆಗಿದೆ, ನಿಮ್ಮ ಆಂಪ್ಲಿಫೈಯರ್ ಮನೆಯ ಅರ್ಥಿಗೆ ಸೇರಿದೆ. ಎರಡರ ನಡುವಿನ ಸಣ್ಣ ವ್ಯತ್ಯಾಸ ಆಡಿಯೋ ವೈರ್ ಮೇಲೆ ಹರಿದು 50 ಹರ್ಟ್ಸ್ ಸದ್ದಾಗುತ್ತೆ. ಪ್ಲಗ್ ಹತ್ರ ಕೂತ ಕಂಡಿಷನರ್‌ಗೆ ಇದು ಕೈಗೆ ಸಿಗಲ್ಲ. ಟಿವಿಯಿಂದ ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಕೇಬಲ್ ಎಳೀರಿ; ಅದರಲ್ಲಿ ಬರೋದು ಬೆಳಕು, ಕರೆಂಟಿನ ನಂಟೇ ಇಲ್ಲ. ಗುಂಯ್ ನಿಲ್ಲಿಸೋಕೆ ಅರ್ಥ್ ಪಿನ್ ಮುರಿಯೋರಿದ್ದಾರೆ. ದಯವಿಟ್ಟು ಬೇಡ, ಅದು ಜೀವ ಉಳಿಸೋ ಪಿನ್.

ಸದ್ದು ಸ್ಪೀಕರಿಂದ ಬರದೆ ಆಂಪ್ಲಿಫೈಯರ್ ಪೆಟ್ಟಿಗೆಯಿಂದಲೇ ಬಂದ್ರೆ ಅದು ಟ್ರಾನ್ಸ್‌ಫಾರ್ಮರ್. ಕರೆಂಟ್ ಹೋಗಿ ಇನ್ವರ್ಟರ್ ಮೇಲಿದ್ದಾಗ ಮಾತ್ರ ಹಾಗಾದ್ರೆ ಇನ್ವರ್ಟರ್ ಸೈನ್ ವೇವ್ ಅಲ್ಲ ಅಂತ ಅನುಮಾನಿಸಿ. ಮೇನ್ಸ್‌ನಲ್ಲೂ ಹಾಗೇ ಇದ್ರೆ ಲೈನಿನಲ್ಲಿ ಸ್ವಲ್ಪ ಡಿಸಿ ಸೇರಿಕೊಂಡಿರಬಹುದು; ಅದನ್ನ ತಡೆಯೋ ಸರ್ಕ್ಯೂಟ್ ಇರೋ ಕಂಡಿಷನರ್ ನಿಜಕ್ಕೂ ಉಪಯೋಗಕ್ಕೆ ಬರಬಹುದು.

ಈಗ ಅರ್ಥಿಂಗ್. ಫಿಲ್ಟರ್ ಕಸ ಚೆಲ್ಲೋದು ಅರ್ಥ್ ವೈರಿಗೆ. ಫಿಲ್ಟರ್ ಒಳಗೆ ಫೇಸಿಂದಲೂ ನ್ಯೂಟ್ರಲ್ಲಿಂದಲೂ ಅರ್ಥಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತೆ. ಮನೇಲಿ ಅರ್ಥ್ ಕೆಟ್ಟಿದ್ರೆ ಡಬ್ಬದ ಮೈ ಅರ್ಧ ವೋಲ್ಟೇಜಿಗೆ, ಸುಮಾರು 115ಕ್ಕೆ ತೇಲುತ್ತೆ. ಮುಟ್ಟಿದ್ರೆ ಜುಂ ಅನ್ನುತ್ತೆ. ಸಾವಿರಾರು ರೂಪಾಯಿ ಕೊಟ್ಟು ಜುಂ ತಂದುಕೊಂಡ ಹಾಗೆ. ಬಿಸಿಲುಗಾಲಕ್ಕೆ ಅರ್ಥ್ ಗುಂಡಿ ಒಣಗಿರುತ್ತೆ, ನೀರು ಹಾಕಿ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎಷ್ಟು ತೋರಿಸುತ್ತೆ ಅಂತ ಅಳೆಸಿ. ಎರಡು ಮೂರು ವೋಲ್ಟ್ ಪರವಾಗಿಲ್ಲ. ಹತ್ತಿಪ್ಪತ್ತು ಬಂದ್ರೆ ಮೊದಲು ಅದನ್ನ ರಿಪೇರಿ ಮಾಡಿಸಿ.

ನನಗೆ ನಿಜವಾದ ಭಯ ಇರೋದು ನ್ಯೂಟ್ರಲ್ ಕಟ್ ಆಗೋದರ ಬಗ್ಗೆ. ಮುಂಗಾರಿಗೆ ಮುಂಚಿನ ಗಾಳಿ ಮಳೆಗೆ ಕೊಂಬೆ ಬಿದ್ದು ಕಂಬದಲ್ಲಿ ನ್ಯೂಟ್ರಲ್ ತಂತಿ ಹೋಯ್ತು ಅನ್ನಿ. ಫೇಸ್ ಫೇಸ್ ನಡುವಿನ 415 ವೋಲ್ಟ್ ಮನೆಮನೆಗಳ ಮಧ್ಯೆ ಅಡ್ಡಾದಿಡ್ಡಿ ಹಂಚಿಹೋಗುತ್ತೆ: ಒಂದು ಮನೇಲಿ ಬಲ್ಬು ಮಂಕು, ಪಕ್ಕದ ಮನೆಗೆ 300 ದಾಟಿ. ಸರ್ಜ್ ಬಿಲ್ಲೆಗಳು ತಡೆಯೋದು ಕ್ಷಣದ ಹೊಡೆತ. ನಿಮಿಷಗಟ್ಟಲೆ 300 ನಿಂತ್ರೆ ಅವೇ ಸುಟ್ಟುಹೋಗ್ತವೆ. ಅಲ್ಲಿ ಬೇಕಾಗೋದು ಹೈ-ಲೋ ವೋಲ್ಟೇಜ್ ಕಟ್‌ಆಫ್, ಕಂಡಿಷನರ್ ಬೆಲೆಗೆ ಹೋಲಿಸಿದ್ರೆ ಚಿಲ್ಲರೆ ದುಡ್ಡು. ಅರ್ಥಿಂಗ್, ಕಟ್‌ಆಫ್, ಒಂದು ಒಳ್ಳೆ ಸರ್ಜ್ ಪ್ರೊಟೆಕ್ಟರ್: ನಾನಾದ್ರೆ ಈ ಕ್ರಮದಲ್ಲೇ ಖರ್ಚು ಮಾಡ್ತೀನಿ. ದಿನಾ ಸಾಯಂಕಾಲ ವೋಲ್ಟೇಜ್ ಡಲ್ ಇದ್ರೆ ಅಳತೆ ಬರೆದಿಟ್ಟುಕೊಂಡು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ಕಂಪ್ಲೇಂಟ್ ನಂಬರ್ ಕೇಳಿ ಇಸ್ಕೊಳ್ಳಿ.